ಹತ್ತನೆಯ ತರಗತಿಯ ಪರವಾಗಿ ಆಡಲಾಗದೆ ಉಳಿದ ಮಾತುಗಳು

ಒಂಬತ್ತನೆಯ ತರಗತಿಯ ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಮೊನ್ನೆ ಶನಿವಾರ ನೀವು ನಮಗಾಗಿ ಏರ್ಪಡಿಸಿದ್ದ ಶಾರದಾ ಪೂಜೆ ಮತ್ತು ಬೀಳ್ಕೊಡುಗೆ ಸಮಾರಂಭದಲ್ಲಿ ಹತ್ತನೆಯ ತರಗತಿಯ ಪರವಾಗಿ ನಾನು ಮಾತನಾಡಬೇಕಿತ್ತು. ಕನ್ನಡ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ತಿದ್ದಿ, ಕೊನೆಗೆ ‘ಇರಲಿ ಬಿಡು’ ಎಂದು ಒಪ್ಪಿಗೆ ಕೊಟ್ಟಿದ್ದ ನಾಲ್ಕು ಪುಟಗಳ ಭಾಷಣ ನನ್ನ ಕೈಯಲ್ಲಿತ್ತು. ಅದರಲ್ಲಿ ನಿಮ್ಮ ಕಿವಿಗೆ ಬಿದ್ದದ್ದು ‘ಎಲ್ಲರಿಗೂ ನಮಸ್ಕಾರ’ ಎಂಬ ಆರಂಭ ಮತ್ತು ‘ಧನ್ಯವಾದಗಳು’ ಎಂಬ ಮುಕ್ತಾಯ ಮಾತ್ರ. ನಡುವೆ ಇದ್ದದ್ದೆಲ್ಲ ಮಡಿಸಿದ ಹಾಳೆಯಲ್ಲಿಯೇ ಉಳಿದಿದೆ, ನನ್ನ ಹೊಟ್ಟೆಯುರಿಯೂ ಇನ್ನೂ ಆರಿಲ್ಲ. ಆದ್ದರಿಂದ ಆ ಮಾತುಗಳನ್ನು ಬರವಣಿಗೆಯಲ್ಲಿಯೇ ನಿಮಗೆ ಒಪ್ಪಿಸುತ್ತಿದ್ದೇನೆ. ಗುರುಗಳು ದೇವರಿಗೆ ಸಮಾನರು, ಶಾಲೆಯೇ ದೇಗುಲ ಎಂಬ ಭಾಗಗಳನ್ನು ವೇದಿಕೆಯ ಮೇಲಿದ್ದ ಗಣ್ಯರೆಲ್ಲರೂ ಸರದಿಯಂತೆ ಹೇಳಿ ಮುಗಿಸಿರುವುದರಿಂದ ಅವನ್ನು ಕೈಬಿಟ್ಟಿದ್ದೇನೆ. ಇಲ್ಲಿರುವುದು ಮೇ ಕೊನೆಯಲ್ಲಿ ಶಾಲೆ ತೆರೆದ ಮೇಲೆ ನಿಮ್ಮ ಉಪಯೋಗಕ್ಕೆ ಬರುವ ವಿಷಯ.

ಮೊದಲು, ಆ ದಿನದ ಸಮಯವೆಲ್ಲ ಎಲ್ಲಿ ಹೋಯಿತೆಂಬ ಲೆಕ್ಕ ಆಗಲಿ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆಗೆ ಎಂದಿದ್ದ ಕಾರ್ಯಕ್ರಮ ಹನ್ನೆರಡಕ್ಕೆ ಆರಂಭವಾದದ್ದನ್ನು ನಾನು ತಡವೆಂದು ಪರಿಗಣಿಸುವುದಿಲ್ಲ. ನಮ್ಮ ಮಧುಗಿರಿ ಸೀಮೆಯಲ್ಲಿ ಅದು ಸಮಯಪಾಲನೆಯೇ ಸರಿ. ನಾಡಗೀತೆಯೂ ಕಾರಣವಲ್ಲ. ಆಲಾಪವಿಲ್ಲದೆ, ಸಾಲುಗಳನ್ನು ಮರುಕಳಿಸದೆ, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಅದನ್ನು ಹಾಡಿ ಮುಗಿಸಬೇಕೆಂದು ಸರ್ಕಾರ 2022ರಲ್ಲಿಯೇ ಗೊತ್ತುಮಾಡಿದೆ, ಮತ್ತು ಎಂಟನೆಯ ತರಗತಿಯ ಹುಡುಗಿಯರು ಹಸಿದಿದ್ದುದರಿಂದ ಅದಕ್ಕೂ ಮೊದಲೇ ಮುಗಿಸಿದರು. ಕುವೆಂಪು ಅವರ ಗೀತೆಗೇ ಕಾಲಮಿತಿ ಹಾಕಿದ ಸರ್ಕಾರ ನಿರೂಪಣೆಗೆ ಮಾತ್ರ ಯಾವ ಮಿತಿಯನ್ನೂ ಹಾಕದೆ ಬಿಟ್ಟದ್ದೇ ಅನರ್ಥಕ್ಕೆ ಮೂಲ.

ನಿಮ್ಮ ತರಗತಿಯ ಆ ನಿರೂಪಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಅಣ್ಣನ ಮದುವೆಯ ಕೋಟನ್ನು ತೊಟ್ಟು, ಬೆರಳ ತುದಿಯನ್ನೂ ಮುಚ್ಚಿದ್ದ ತೋಳಿನೊಳಗಿಂದ ಮೈಕನ್ನು ಹೊರಚಾಚಿ ಅವನು ನಿಂತಾಗ, ಪಾಪ ಚಿಕ್ಕ ಹುಡುಗ, ಹೆದರಿಕೊಂಡಾನು ಎಂದು ನಾವು ಮರುಗಿದೆವು. ಆಮೇಲೆ ಅವನು ಕೋಟಿನ ಜೇಬಿಗೆ ಕೈಹಾಕಿದ. ಅದರ ತುಂಬ ಚೀಟಿಗಳಿದ್ದವು, ಪ್ರತಿಯೊಂದು ಚೀಟಿಯಲ್ಲೂ ನಾಲ್ಕು ಸಾಲಿನ ಒಂದೊಂದು ಕವನವಿತ್ತು. ಸಮಾರಂಭದಲ್ಲಿ ನಡೆಯುವ ಯಾವ ಕೆಲಸವೂ ಕವನವಿಲ್ಲದೆ ನಡೆಯಕೂಡದೆಂದು ಅವನು ನಿರ್ಧರಿಸಿಯೇ ಬಂದಿದ್ದ. ‘ಎಣ್ಣೆಯಿಲ್ಲದೆ ದೀಪವಿಲ್ಲ, ಬಣ್ಣವಿಲ್ಲದೆ ಚಿತ್ರವಿಲ್ಲ, ಕಣ್ಣಿಲ್ಲದೆ ನೋಟವಿಲ್ಲ, ಅಣ್ಣ ಅಕ್ಕಂದಿರಿಲ್ಲದೆ ಈ ಸಮಾರಂಭವಿಲ್ಲ’ ಎಂದು ದೀಪ ಬೆಳಗಲು ಗಣ್ಯರನ್ನು ಆಹ್ವಾನಿಸಿದಾಗ ನಾವೇ ಮೊದಲು ಚಪ್ಪಾಳೆ ತಟ್ಟಿದೆವು, ಪ್ರಾಸವೂ ಚೆನ್ನಾಗಿತ್ತು. ಆದರೆ ದೀಪದ ಎದುರಿಗೇ ಫ್ಯಾನು ತಿರುಗುತ್ತಿದ್ದುದರಿಂದ ಮೊದಲ ಕಡ್ಡಿ ಆರಿತು. ಕೂಡಲೇ ಅವನು ‘ಸೋಲೇ ಗೆಲುವಿನ ಸೋಪಾನ’ ಎಂಬ ಚೀಟಿಯನ್ನು ತೆಗೆದ. ಎರಡನೆಯ ಕಡ್ಡಿ ಆರಿದಾಗ ಪ್ರಯತ್ನದ ಮಹತ್ವವನ್ನು ಕುರಿತ ಇನ್ನೊಂದು ಬಂತು. ಮೂರನೆಯದು ಮುಖ್ಯೋಪಾಧ್ಯಾಯರ ಬೆರಳನ್ನು ಸುಟ್ಟಾಗ ‘ನೋವೇ ನಲಿವಿಗೆ ನಾಂದಿ’ ಎಂದು ಅವನು ಭಾವಪೂರ್ಣವಾಗಿ ನುಡಿದ. ಮುಖ್ಯೋಪಾಧ್ಯಾಯರು ಬೆರಳನ್ನು ಬಾಯಲ್ಲಿಟ್ಟುಕೊಂಡು ಅವನನ್ನೇ ನೋಡಿದರು. ವಿಜ್ಞಾನದ ಮೇಷ್ಟ್ರು ಎದ್ದುಹೋಗಿ ಫ್ಯಾನಿನ ಗುಂಡಿ ಒತ್ತದಿದ್ದರೆ ಆ ಜೇಬು ದೀಪದ ಹಂತದಲ್ಲಿಯೇ ಖಾಲಿಯಾಗಿ, ನನ್ನ ಭಾಷಣವಾದರೂ ಉಳಿಯುತ್ತಿತ್ತೋ ಏನೋ.

ಸ್ವಾಗತಕ್ಕೆ ಒಂದು, ಹಾರಕ್ಕೆ ಒಂದು, ಹಾರ ಹಾಕಿಸಿಕೊಂಡವರು ಅದನ್ನು ತೆಗೆದು ಮೇಜಿನ ಮೇಲಿಟ್ಟದ್ದಕ್ಕೆ ತ್ಯಾಗವನ್ನು ಕುರಿತ ಇನ್ನೊಂದು, ಗಣ್ಯರಿಗೆ ಟೀ ಬಂದಾಗಲೂ ಒಂದು. ಇಷ್ಟರ ನಡುವೆ ಕರೆಂಟು ಹೋಯಿತು. ಹತ್ತನೆಯ ತರಗತಿಯ ಸಾಲಿನಿಂದ ಎದ್ದ ನಿಟ್ಟುಸಿರು ನಿಮಗೆ ಕೇಳಿಸಿರಬೇಕು. ಆದರೆ ಅವನ ಧ್ವನಿ ಒಂದಿಷ್ಟೂ ಕುಗ್ಗದೆ ಕತ್ತಲೆಯಲ್ಲಿ ಮುಂದುವರಿಯಿತು. ಅವನ ಕೈಯಲ್ಲಿದ್ದ ಮೈಕ್ ಸೆಟ್ಟು ನಾವೇ ತಲಾ ಇನ್ನೂರು ರೂಪಾಯಿ ಕೂಡಿಸಿ ಶಾಲೆಗೆ ನೀಡಿದ ಕೊಡುಗೆಯೆಂಬುದನ್ನು ದಯವಿಟ್ಟು ಗಮನಿಸಿ. ಬರಿಯ ಕರೆಂಟಿನದು ಕಡಿಮೆ ಬೆಲೆಗೆ ಸಿಗುತ್ತಿತ್ತು. ಹಳ್ಳಿಯ ಶಾಲೆ, ಕರೆಂಟಿನ ಭರವಸೆಯಿಲ್ಲ ಎಂದು ಮುಂದಾಲೋಚಿಸಿ ಬ್ಯಾಟರಿಯಿರುವುದನ್ನೇ ಆರಿಸಿದವರು ನಾವು. ಒಮ್ಮೆ ಚಾರ್ಜ್ ಮಾಡಿದರೆ ನಾಲ್ಕು ಗಂಟೆಗೆ ಮೋಸವಿಲ್ಲ ಎಂದು ಅಂಗಡಿಯವರು ಹೇಳಿದ್ದರು. ಅಂಗಡಿಯವರು ಸತ್ಯವಂತರು.

ಮುಖ್ಯ ಅತಿಥಿಗಳು ತಾವು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದಿದ ವೃತ್ತಾಂತವನ್ನು ಹೇಳಿ ಕುಳಿತಾಗ ಎರಡೂಕಾಲು ದಾಟಿತ್ತು. ನನ್ನ ಸರದಿ ಬಂತು. ನಿಮ್ಮ ನಿರೂಪಕ ಚೀಟಿ ತೆಗೆದು, ಗಂಟಲು ಸರಿಪಡಿಸಿಕೊಂಡು, ‘ಮಾತು ಬೆಳ್ಳಿ, ಮೌನ ಬಂಗಾರ; ಈಗ ಹತ್ತನೆಯ ತರಗತಿಯ ಅಕ್ಕನವರು ಮಾತನಾಡುತ್ತಾರೆ’ ಎಂದು ನನ್ನನ್ನು ಕರೆದ. ನಾನು ವೇದಿಕೆ ಹತ್ತಿ ಹಾಳೆ ಬಿಡಿಸುತ್ತಿರುವಾಗ ಹತ್ತಿರ ಬಂದು, ‘ಅಕ್ಕಾ, ಎರಡೇ ಮಾತು. ಪಲಾವು ಆರೋಗ್ತಾ ಐತಂತೆ, ಹೆಡ್‌ಮಾಸ್ಟ್ರು ಹೇಳವ್ರೆ’ ಎಂದು ಪಿಸುಗುಟ್ಟಿದ. ಮೈಕನ್ನು ಅವನು ನನ್ನ ಕೈಗೆ ಕೊಡಲೂ ಇಲ್ಲ. ತಾನೇ ಹಿಡಿದುಕೊಂಡು ನನ್ನ ಬಾಯಿಯ ಮುಂದೆ ಒಡ್ಡಿದ. ‘ಎಲ್ಲರಿಗೂ ನಮಸ್ಕಾರ’ ಎಂದೆ. ಮೈಕು ಹಿಂದಕ್ಕೆ ಸರಿಯತೊಡಗಿತು. ಅದರ ಬೆನ್ನಟ್ಟಿಕೊಂಡು ಕುತ್ತಿಗೆ ಚಾಚಿ ‘ಧನ್ಯವಾದಗಳು’ ಎಂದೆ. ನಾನು ಮೆಟ್ಟಿಲಿಳಿಯುತ್ತಿದ್ದಾಗ ಅವನು ಮೊದಲೇ ಬರೆದುಕೊಂಡಿದ್ದ ಮುಂದಿನ ಚೀಟಿಯನ್ನು ಓದಿದ: ‘ಅಕ್ಕನವರ ಸುದೀರ್ಘವಾದ, ಮನಮುಟ್ಟುವ ಮಾತುಗಳಿಗೆ ಶಾಲೆಯ ಪರವಾಗಿ ಹೃತ್ಪೂರ್ವಕ ವಂದನೆಗಳು.’ ಸಭೆ ಚಪ್ಪಾಳೆ ತಟ್ಟಿತು. ಮನೆಗೆ ಬಂದ ಮೇಲೆ ನನ್ನ ತಾಯಿಯೂ ‘ಚೆನ್ನಾಗಿ ಮಾತಾಡಿದೆಯಂತಲ್ಲೇ’ ಎಂದರು.

ಇನ್ನು ಸುದೀರ್ಘ ಮಾತುಗಳಿಗೆ ಬರುತ್ತೇನೆ.

ಹತ್ತನೆಯ ತರಗತಿಗೆ ಕಾಲಿಟ್ಟ ದಿನದಿಂದ ದೈಹಿಕ ಶಿಕ್ಷಣದ ಅವಧಿ ವೇಳಾಪಟ್ಟಿಯಲ್ಲಿ ಮಾತ್ರ ಇರುತ್ತದೆ. ಅದನ್ನು ಗಣಿತದವರು ಒಯ್ಯುವರೋ ಇಂಗ್ಲಿಷಿನವರೋ ಎಂಬುದಷ್ಟೇ ಕುತೂಹಲ. ಸಂಜೆಯ ವಿಶೇಷ ತರಗತಿಯ ಹೊತ್ತಿಗೆ ಬಿಸಿಯೂಟ ಕರಗಿ ಬಹಳ ಕಾಲವಾಗಿರುತ್ತದೆ. ಮನೆಯಿಂದ ಹುರಿದ ಕಡಲೆಕಾಯಿ ತನ್ನಿ, ಆದರೆ ಬಿಡಿಸಿಕೊಂಡೇ ತನ್ನಿ. ಥೇಲ್ಸನ ಪ್ರಮೇಯ ನಡೆಯುವಾಗ ಕೇಳಿಸುವ ‘ಚಟ್’ ಎಂಬ ಒಂದು ಸದ್ದು ಇಡೀ ಸಾಲನ್ನು ಹೊರಗೆ ನಿಲ್ಲಿಸಬಲ್ಲದು. ಆ ಪ್ರಮೇಯವನ್ನಂತೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸಾಧಿಸುವಂತೆ ನಿಮ್ಮನ್ನು ತಯಾರು ಮಾಡುತ್ತಾರೆ, ಮತ್ತು ನಿದ್ದೆಯಲ್ಲಿ ನಿಜವಾಗಿಯೂ ಎಬ್ಬಿಸುತ್ತಾರೆ.

ಎಬ್ಬಿಸುವ ಕ್ರಮ ಹೀಗಿದೆ. ಮೇಷ್ಟ್ರುಗಳು ನಿಮ್ಮನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ದತ್ತು ತೆಗೆದುಕೊಳ್ಳುತ್ತಾರೆ. ದತ್ತಕದಲ್ಲಿ ಆಸ್ತಿಯೇನೂ ಬರುವುದಿಲ್ಲ, ಬೆಳಗಿನ ಐದು ಗಂಟೆಗೆ ಫೋನು ಬರುತ್ತದೆ. ನನ್ನನ್ನು ದತ್ತು ಪಡೆದ ವಿಜ್ಞಾನದ ಮೇಷ್ಟ್ರು ಮೊದಲ ದಿನ ಕರೆ ಮಾಡಿದಾಗ ಎತ್ತಿದವರು ನನ್ನ ಅಜ್ಜಿ. ನಮ್ಮೂರಿನಲ್ಲಿ ಆ ಹೊತ್ತಿಗೆ ಫೋನು ಬಂದರೆ ನೆಂಟರಲ್ಲಿ ಯಾರೋ ತೀರಿಹೋದರೆಂದೇ ಲೆಕ್ಕ. ಅಜ್ಜಿ ಅಳುವ ದನಿಯಲ್ಲಿ ‘ಯಾರಪ್ಪಾ, ಯಾವಾಗ?’ ಎಂದು ಕೇಳಿದ್ದಕ್ಕೆ ಮೇಷ್ಟ್ರು, ‘ನಿಮ್ಮ ಮೊಮ್ಮಗಳೇ ಅಜ್ಜೀ, ಮಾರ್ಚ್‌ನಲ್ಲಿ’ ಎಂದುಬಿಟ್ಟರು. ಅಜ್ಜಿಯ ಗೋಳಾಟಕ್ಕೆ ನಮ್ಮ ಬೀದಿಯೆಲ್ಲ ಎದ್ದಿತು. ಪಕ್ಕದ ಮನೆಯ ಹತ್ತನೆಯ ತರಗತಿಯ ಹುಡುಗನನ್ನು ಎಬ್ಬಿಸಲು ಅಂದು ಬೇರೆ ಕರೆ ಬೇಕಾಗಲಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಈಗಿನಿಂದಲೇ ವಿಷಯ ತಿಳಿಸಿಡಿ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಿ ಹೆದರಿಸುವುದಿಲ್ಲ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು, ಒಟ್ಟು 625 ಎಂಬುದು ನಿಮಗೂ ಗೊತ್ತು, ನಿಮ್ಮ ಸೋದರಮಾವಂದಿರಿಗೆ ಇನ್ನೂ ಚೆನ್ನಾಗಿ ಗೊತ್ತು. 2025-26ನೇ ಸಾಲಿನಿಂದ ಒಟ್ಟು 206 ಅಂಕ ಬಂದು, ಪ್ರತಿ ವಿಷಯದಲ್ಲೂ ಕನಿಷ್ಠ ಶೇಕಡಾ 30 ಇದ್ದರೆ ಉತ್ತೀರ್ಣ ಎಂಬ ನಿಯಮ ಬಂದಿದೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯೂ ಬಂತು. ಈ ಎರಡು ಸುದ್ದಿಗಳನ್ನು ಕೇಳಿದ ನೆಂಟರೆಲ್ಲರೂ, ತಮ್ಮ ಕಾಲದಲ್ಲಿ ಇಂಥ ಅನುಕೂಲವಿದ್ದಿದ್ದರೆ ತಾವು ಜಿಲ್ಲಾಧಿಕಾರಿಗಳಾಗುತ್ತಿದ್ದೆವೆಂದು ನಿಮ್ಮ ಮುಂದೆ ನಿಟ್ಟುಸಿರು ಬಿಡುತ್ತಾರೆ. ಬಿಡಲಿ. ಕೊಠಡಿಯಲ್ಲಿ ಕ್ಯಾಮೆರಾ ಇರುತ್ತದೆ, ಅದರ ದೃಶ್ಯ ಮೇಲಿನ ಕಚೇರಿಗಳಲ್ಲಿ ನೇರವಾಗಿ ಕಾಣುತ್ತದೆ. ಹಾಗಾಗಿ ಸ್ಕೇಲನ್ನು ಪಕ್ಕದವರಿಂದ ಎರವಲು ಕೇಳುವಾಗ ಮುಖದಲ್ಲಿ ಸ್ಕೇಲು ಕೇಳುವ ಭಾವವೇ ಇರಲಿ ಎಂದು ನಮ್ಮ ಮೇಷ್ಟ್ರು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಭ್ಯಾಸ ಮಾಡಿಸಿದ್ದಾರೆ, ನಿಮಗೂ ಮಾಡಿಸುತ್ತಾರೆ. ಇನ್ನು ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳುವಾದ ಕೈಪಿಡಿ ಕಲಿಕೆಯಲ್ಲಿ ಹಿಂದುಳಿದವರಿಗೆಂದು ಹಂಚಲಾಗುತ್ತದೆ. ತರಗತಿಯ ಮೊದಲ ಸ್ಥಾನದವಳು ಅದನ್ನು ಸಮಾಜ ವಿಜ್ಞಾನದ ಪಠ್ಯಪುಸ್ತಕದೊಳಗೆ ಅಡಗಿಸಿಟ್ಟುಕೊಂಡು ಓದುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಿಟಕಿಯ ಪಕ್ಕದ ಮೂರನೆಯ ಬೆಂಚನ್ನು ಯಾರು ಹಿಡಿಯಬೇಕೆಂದು ನೀವು ಈಗಲೇ ಜಗಳವಾಡುತ್ತಿರುವುದು ಕೇಳಿಬಂತು. ಅದು ನಮ್ಮ ಬೆಂಚು. ಅಲ್ಲಿ ನಾಲ್ವರು ಒತ್ತಿಕೊಂಡು ಕೂತಿದ್ದೆವು. ಅವರಲ್ಲಿ ಒಬ್ಬಳು ಪರೀಕ್ಷೆ ಮುಗಿದ ವಾರವೇ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಹೋಗುತ್ತಾಳೆ. ಅವರದು ಕಟ್ಟಡದ ಕೆಲಸ. ಪಿಯುಸಿಗೆ ಅಲ್ಲೇ ಎಲ್ಲಿಯಾದರೂ ಸೇರಿಸೋಣ ಎಂದಿದ್ದಾರೆ, ಎಲ್ಲಿ ಎಂದು ಹೇಳಿಲ್ಲ. ಇನ್ನೊಬ್ಬಳ ಮನೆಯಲ್ಲಿ ಕಾಲೇಜಿನ ಮಾತು ಬಂದರೆ ಬಸ್ಸಿನ ಮಾತಾಗಿ ಮುಗಿಯುತ್ತದೆ. ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ ಎಂಬುದೇನೋ 2023ರಿಂದ ಇದೆ, ಆದರೆ ಅವಳ ಊರಿಗೆ ಬೆಳಗಿನ ಬಸ್ಸು ಕಾಲೇಜಿನ ಮೊದಲ ಗಂಟೆ ಹೊಡೆದ ಮೇಲೆ ಬರುತ್ತದೆ. ಶನಿವಾರ ಗುಂಪಿನ ಛಾಯಾಚಿತ್ರ ತೆಗೆಯುವಾಗ ಇವರಿಬ್ಬರೂ ಅಕ್ಕಪಕ್ಕ ನಿಂತು ನಗುತ್ತಿದ್ದರು. ನನ್ನ ಭಾಷಣದ ಮೂರನೆಯ ಪುಟದಲ್ಲಿ ಇವರಿಗಾಗಿ ನಾಲ್ಕು ಸಾಲು ಬರೆದಿದ್ದೆ. ಕನ್ನಡ ಮೇಷ್ಟ್ರು ತಿದ್ದದೆ ಬಿಟ್ಟಿದ್ದ ಭಾಗ ಅದೊಂದೇ ಆಗಿತ್ತು. ಅದನ್ನು ಅವರಿಬ್ಬರಿಗೇ ಪ್ರತ್ಯೇಕವಾಗಿ ಓದಿ ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಬೆಂಚಿನ ವಿಷಯಕ್ಕೆ ಮರಳುವುದಾದರೆ, ಅದರ ಎಡಗಾಲು ಗಿಡ್ಡ. ಅದರಡಿ ನಾವು ಮಡಿಸಿಟ್ಟಿರುವ ರಟ್ಟನ್ನು ಗುಡಿಸುವಾಗ ಎಸೆಯಬೇಡಿ. ಎಸೆದರೆ ನಕ್ಷೆ ಬಿಡಿಸುವ ದಿನ ಭಾರತದ ಕರಾವಳಿ ಅಫ್ಘಾನಿಸ್ತಾನದವರೆಗೂ ಹೋಗುತ್ತದೆ. ಮೈಕ್ ಸೆಟ್ಟಿನ ಮೇಲೆ ‘10ನೇ ತರಗತಿ ವಿದ್ಯಾರ್ಥಿಗಳ ಕೊಡುಗೆ, 2025-26’ ಎಂದು ಬಣ್ಣದಲ್ಲಿ ಬರೆಸಿದ್ದೇವೆ, ಬಟ್ಟೆಯಿಂದ ಮೆಲ್ಲಗೆ ಒರೆಸಿ. ಅದರ ಚಾರ್ಜರು ಅಟೆಂಡರ್ ಅಣ್ಣನ ಬಳಿಯಿದೆ. ಮುಂದಿನ ವರ್ಷ ಇದೇ ಹೊತ್ತಿಗೆ ನಿಮ್ಮನ್ನು ಬೀಳ್ಕೊಡುವವರು ಈಗಿನ ಎಂಟನೆಯ ತರಗತಿಯವರು, ನಿಮ್ಮ ಪರವಾಗಿ ಮಾತನಾಡಲು ಈಗಾಗಲೇ ಆಯ್ಕೆಯಾಗಿರುವವನು ನಿಮ್ಮ ನಿರೂಪಕನೇ ಎಂದು ಕೇಳಿ ಸಂತೋಷವಾಯಿತು. ಅವನು ಈಗಿನಿಂದಲೇ ಭಾಷಣ ಬರೆಯಲು ಕುಳಿತಿದ್ದಾನಂತೆ; ಹನ್ನೆರಡು ಪುಟಗಳಾಗಿವೆಯಂತೆ. ಬರೆಯಲಿ. ಎಂಟನೆಯ ತರಗತಿಯಲ್ಲಿ ನನ್ನ ಒಡಹುಟ್ಟಿದ ತಂಗಿ ಓದುತ್ತಿದ್ದಾಳೆ. ಬರುವ ವರ್ಷದ ನಿರೂಪಣೆಗೆ ಅವಳ ಹೆಸರನ್ನು ಭಾನುವಾರವೇ ಕನ್ನಡ ಮೇಷ್ಟ್ರ ಮನೆಗೆ ಹೋಗಿ ಹೇಳಿಬಂದಿದ್ದೇನೆ. ಪರೀಕ್ಷೆ ಮುಗಿದ ಮೇಲೆ ನನಗೆ ಬೇರೆ ಕೆಲಸವಿಲ್ಲ. ಎರಡು ತಿಂಗಳ ರಜೆಯಲ್ಲಿ ಅವಳಿಗಾಗಿ ಕವನಗಳನ್ನು ಬರೆದುಕೊಡುತ್ತೇನೆ. ದೊಡ್ಡ ಜೇಬುಗಳಿರುವ ಕೋಟೊಂದನ್ನು ಹೊಲಿಯಲು ದರ್ಜಿಗೆ ಅಳತೆಯನ್ನೂ ಕೊಟ್ಟಾಗಿದೆ.