ಠಾಣೆಯಲ್ಲೂ ವಕೀಲರನ್ನು ಕಾಣಬಹುದು: ಒಂದು ಸ್ಪಷ್ಟನೆ

ಕೋಲಾರದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮೂರು ದಿನದಿಂದ ಒಂದು ಮೆಸೇಜ್ ಓಡಾಡುತ್ತಿದೆ. ‘ಹೊಸ ಕಾನೂನು ಬಂದ ಮೇಲೆ ಪೊಲೀಸ್ ವಿಚಾರಣೆ ಮುಗಿಯುವವರೆಗೆ ವಕೀಲರನ್ನು ನೋಡುವಂತಿಲ್ಲ’ ಅಂತ. ಇದು ತಪ್ಪು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆಯಂಥ ವಿಷಯಗಳ ಹೊಸ ಕಾನೂನು) 38ನೇ ಸೆಕ್ಷನ್ ಇರುವುದೇ ಇದಕ್ಕೆ. ಬಂಧನಕ್ಕೊಳಗಾದವರು ವಿಚಾರಣೆ ನಡೆಯುವಾಗಲೇ ತಮಗೆ ಬೇಕಾದ ವಕೀಲರನ್ನು ಭೇಟಿ ಮಾಡಬಹುದು. ಹಳೇ ಕಾನೂನಾದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 41ಡಿ ಸೆಕ್ಷನ್‌ನಲ್ಲೂ ಇದೇ ಇತ್ತು.

ಹೋದ ವಾರ ನಾನು ‘ವಕೀಲರು ಪೂರ್ತಿ ಹೊತ್ತು ಪಕ್ಕದಲ್ಲೇ ಕೂರಬಹುದು’ ಅಂತ ಬರೆದಿದ್ದೆ. ಅದೂ ಸರಿಯಲ್ಲ. ಭೇಟಿಯ ಹಕ್ಕಿದೆ, ವಿಚಾರಣೆಯ ಉದ್ದಕ್ಕೂ ಜೊತೆಗಿರುವ ಹಕ್ಕನ್ನು ಈ ಸೆಕ್ಷನ್ ಕೊಡುವುದಿಲ್ಲ. ಕ್ಷಮಿಸಿ.

ಟೊಮೆಟೊ ಮಂಡಿಯ ಹಮಾಲಿಯೊಬ್ಬರು, ತಮ್ಮನನ್ನು ಹಿಡಿದುಕೊಂಡು ಹೋದಾಗ, ಆ ಮೆಸೇಜ್ ನಂಬಿ ಠಾಣೆ ಎದುರಿನ ಮರದ ಕೆಳಗೆ ಸಂಜೆವರೆಗೂ ಸುಮ್ನೆ ಕೂತಿದ್ದರು. ಕೈಯಲ್ಲಿ ಊಟದ ಡಬ್ಬಿ. ಫೀಸಿಗೆ ದುಡ್ಡಿಲ್ಲ ಅನ್ನೋ ಚಿಂತೆ ಬೇರೆ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.