ಹೇಳಿದ ಹಾಗೆ ಕೇಳುವ ಸುಖ

ಜಪಾನಿನ ರ್‍ಯೋಕಾನ್ ಅಂದರೆ ಹಳೇ ಪದ್ಧತಿಯ ವಸತಿಗೃಹ, ಹೋಟೆಲ್ ಅಲ್ಲ. ಹೋಟೆಲಿನಲ್ಲಿ ದುಡ್ಡು ಕೊಡುವವರು ನಾವು, ಆದ್ದರಿಂದ ನಾವು ಹೇಳಿದ್ದು ನಡೆಯುತ್ತದೆ. ನಡೆಯದಿದ್ದರೆ ಕೌಂಟರಿನ ಮುಂದೆ ನಿಂತು ದನಿ ಏರಿಸುತ್ತೇವೆ. ರ್‍ಯೋಕಾನಿನಲ್ಲಿ ಅದಕ್ಕಿಂತ ಜಾಸ್ತಿ ದುಡ್ಡು ಕೊಟ್ಟು, ಅವರು ಹೇಳಿದ ಹಾಗೆ ಕೇಳಿಕೊಂಡು ಇರುತ್ತೇವೆ. ಶಿಸ್ತಿನ ಸೋದರತ್ತೆ ಮನೆಗೆ ರಜೆಗೆ ಹೋದ ಹಾಗೆ. ಪ್ರೀತಿಗೇನೂ ಕೊರತೆ ಇಲ್ಲ, ಆದರೆ ಚಪ್ಪಲಿ ಎಲ್ಲಿ ಬಿಡಬೇಕು, ಸ್ನಾನ ಯಾವಾಗ, ಊಟ ಎಷ್ಟು ಹೊತ್ತಿಗೆ, ಎಲ್ಲ ಆಕೆಯದೇ ತೀರ್ಮಾನ.

ಮಗ ಟೋಕಿಯೋದಲ್ಲಿ ಕೆಲಸದಲ್ಲಿದ್ದಾನೆ. "ದೊಡ್ಡ ಹೋಟೆಲೆಲ್ಲ ಬೇಡ ಅಪ್ಪಾ, ಸಣ್ಣದೊಂದು ಹಳೇ ರ್‍ಯೋಕಾನಲ್ಲಿ ಇದ್ದು ಬನ್ನಿ" ಅಂತ ಅವನೇ ಶಿಬು ಒನ್ಸೆನ್‌ನಲ್ಲಿ ಬುಕ್ ಮಾಡಿದ. ನಾಗಾನೋ ಪ್ರಾಂತ್ಯದ ಬೆಟ್ಟಗಳ ನಡುವಿನ ಊರು, ಒನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆ. ನಾಗಾನೋವರೆಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು, ಅಲ್ಲಿಂದ ಯುದಾನಾಕಾ ಎಂಬ ಕೊನೇ ಸ್ಟೇಷನ್ನಿಗೆ ಖಾಸಗಿ ಕಂಪನಿಯ ಸಣ್ಣ ರೈಲು. ಚಳಿಗಾಲದಲ್ಲಿ ಮಂಗಗಳು ಬಿಸಿನೀರಿನಲ್ಲಿ ಕಣ್ಣು ಮುಚ್ಚಿ ಕೂತಿರುವ ಫೋಟೋ ನೋಡಿರುತ್ತೀರಲ್ವಾ, ಆ ಜಿಗೊಕುದಾನಿ ಕಣಿವೆ ಇಲ್ಲೇ ಪಕ್ಕದಲ್ಲಿದೆ. ಮಂಗಗಳ ಪಾರ್ಕು ಶುರುವಾಗಿದ್ದು 1964ರಲ್ಲಿ. ಬಹಳ ಜನ ಮಂಗ ನೋಡಲೆಂದೇ ಬಂದು ಸಂಜೆಗೆ ವಾಪಸ್ ಹೋಗಿಬಿಡುತ್ತಾರೆ. ಮಂಗಕ್ಕೆ ಸಿಕ್ಕಿದ ಸುಖವನ್ನು ದೂರದಿಂದ ಫೋಟೋ ತೆಗೆದುಕೊಂಡು ಹೋಗುವುದು ಯಾವ ಬುದ್ಧಿವಂತಿಕೆಯೋ ನನಗೆ ತಿಳಿಯದು.

ಒಳಗೆ ಬಿಡುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ಬಾಗಿಲು ದಾಟಿದ ಕೂಡಲೇ ಕಾಲಿನ ಪಾಠ. ಶೂ ಕೆಳಗೆ ಬಿಡಬೇಕು. ಮೇಲೆ ಮರದ ನೆಲಕ್ಕೆ ಹೆಜ್ಜೆ ಇಟ್ಟರೆ ಅವರ ಸ್ಲಿಪ್ಪರ್. ರೂಮಿನ ತಾತಾಮಿ ಚಾಪೆ ಬಂತು ಅಂದರೆ ಆ ಸ್ಲಿಪ್ಪರನ್ನೂ ಬಿಡಬೇಕು. ಟಾಯ್ಲೆಟ್ಟಿಗೆ ಹೋದರೆ ಅಲ್ಲಿ ಇನ್ನೊಂದು ಜೊತೆ ಸ್ಲಿಪ್ಪರ್ ಕಾದಿರುತ್ತದೆ, ಅದು ಆ ಬಾಗಿಲು ದಾಟಿ ಹೊರಗೆ ಬರಕೂಡದು. ಹಳ್ಳಿಮನೆಯಲ್ಲಿ ಬೆಳೆದ ನಮಗೆ ಇದೇನು ಹೊಸದಲ್ಲ. ಮಡಿ ಗೊತ್ತಿದ್ದವರಿಗೆ ಜಪಾನ್ ಬೇಗ ಅರ್ಥವಾಗುತ್ತದೆ. ನನ್ನ ಹೆಂಡತಿಯಂತೂ ಮೊದಲ ಹತ್ತು ನಿಮಿಷದಲ್ಲೇ ಪಾಸಾದಳು, ಪಾಸಾಗಿ ನನ್ನ ಕಾಲಿನ ಮೇಲೆ ಕಣ್ಣಿಡಲು ಶುರು ಮಾಡಿದಳು.

ರೂಮಿನಲ್ಲಿ ಕುಳ್ಳ ಮೇಜು, ನೆಲದ ಮೇಲೆ ಕೂರಲು ದಿಂಬು, ಗೋಡೆಯಲ್ಲಿ ಚಿತ್ರಪಟ ತೂಗುಹಾಕಿದ ಒಂದು ಗೂಡು. ಆ ಗೂಡು ಬರೀ ನೋಡಲು, ಬ್ಯಾಗ್ ಇಡಲು ಅಲ್ಲ. ಮಂಚ ಕಾಣುವುದೇ ಇಲ್ಲ. ಮೇಜಿನ ಮೇಲೆ ಹಸಿರು ಚಹಾ, ಜೊತೆಗೆ ಒಂದೇ ಒಂದು ಸಿಹಿ. ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗೆ ಇಳಿದರೆ ತಲೆ ಸುತ್ತೀತು ಅಂತ ಆ ಸಿಹಿಯಂತೆ. ಉಪಚಾರದ ಹಿಂದೆಯೂ ಒಂದು ಆಜ್ಞೆ ಇದೆ ನೋಡಿ: ತಿಂದಾಯ್ತಲ್ಲ, ಈಗ ಏಳಿ, ಸ್ನಾನಕ್ಕೆ ಹೋಗಿ. ಮಡಚಿಟ್ಟ ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟುಕೊಂಡು ಹೊರಡಬೇಕು. ಎಡಗಡೆಯ ಅಂಚು ಮೇಲೆ ಬರುವಂತೆ ಸುತ್ತಬೇಕು. ತಿರುಗಾಮುರುಗಾ ಆದರೆ ಅದು ಹೆಣಕ್ಕೆ ಉಡಿಸುವ ಕ್ರಮ.

ಈ ನೀರಿಗೂ ಕಾನೂನಿದೆ. 1948ರಲ್ಲೇ ಒನ್ಸೆನ್ ಕಾಯ್ದೆ ಮಾಡಿದ್ದಾರೆ. ನೆಲದಿಂದ ಬರುವ ನೀರು 25 ಡಿಗ್ರಿ ಇದ್ದರೆ ಸಾಕು, ಅಷ್ಟಿಲ್ಲದಿದ್ದರೆ ಗೊತ್ತುಮಾಡಿದ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿಯಷ್ಟು ಇರಬೇಕು. ಆ ಲೆಕ್ಕದಲ್ಲಿ ರಾಯಚೂರಿನ ಬೋರ್‌ವೆಲ್ ನೀರೂ ಒನ್ಸೆನ್ ಆಗಿಬಿಡಬಹುದು! ಶಿಬುವಿನ ನೀರಿಗೆ ಇಂಥ ರಿಯಾಯಿತಿ ಬೇಕಿಲ್ಲ. ನೆಲದಿಂದ ಕುದಿಕುದಿಯುತ್ತಲೇ ಬರುತ್ತದೆ, ತಣಿಸುವುದೇ ಇಲ್ಲಿನ ಕಷ್ಟ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಹೌದು, ಬಟ್ಟೆ ಪೂರ್ತಿ ಬಿಚ್ಚಬೇಕು. ಚಡ್ಡಿಗೂ ವಿನಾಯಿತಿ ಇಲ್ಲ. ಗಂಡಸರಿಗೆ ನೀಲಿ ಪರದೆ, ಹೆಂಗಸರಿಗೆ ಕೆಂಪು. ಎಷ್ಟೋ ಕಡೆ ಈ ಪರದೆಗಳನ್ನು ರಾತ್ರಿಯೋ ಬೆಳಿಗ್ಗೆಯೋ ಅದಲುಬದಲು ಮಾಡುತ್ತಾರೆ, ಎರಡೂ ಕೊಳದ ಸುಖ ಎಲ್ಲರಿಗೂ ಸಿಗಲಿ ಅಂತ. ಆದ್ದರಿಂದ ಮುಂಜಾನೆ ನಿದ್ದೆಗಣ್ಣಲ್ಲಿ ನಿನ್ನೆಯ ಅಭ್ಯಾಸದ ಮೇಲೆ ನಡೆಯುವ ಹಾಗಿಲ್ಲ. "ರೀ, ಬಣ್ಣ ನೋಡಿಕೊಂಡು ನುಗ್ಗಿ" ಅಂತ ನನಗೆ ಎಚ್ಚರಿಕೆ ಸಿಕ್ಕಿತ್ತು. ನಾಚಿಕೆ ಇರುವುದು ಎರಡು ನಿಮಿಷ. ನನಗೆ ಅದೂ ಇರಲಿಲ್ಲ, ಕನ್ನಡಕ ತೆಗೆದಿಟ್ಟ ಮೇಲೆ ನನಗೆ ಯಾರೂ ಕಾಣುವುದಿಲ್ಲ, ಆದ್ದರಿಂದ ಅವರಿಗೂ ನಾನು ಕಾಣುವುದಿಲ್ಲ ಎಂಬ ನಂಬಿಕೆ.

ಮೊದಲು ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತಿಕ್ಕಿ ತೊಳೆದುಕೊಳ್ಳಬೇಕು. ಕೊಳೆ ಹೋಗುವುದು ಇಲ್ಲೇ. ಕೊಳ ಇರುವುದು ಸುಮ್ನೆ ಕೂರಲು. ಸೋಪಿನ ನೊರೆಯಾಗಲಿ ಟವೆಲ್ಲಾಗಲಿ ಅದಕ್ಕೆ ತಾಗಬಾರದು, ಅದಕ್ಕೇ ಎಲ್ಲರೂ ಪುಟ್ಟ ಟವೆಲ್ ಮಡಚಿ ತಲೆ ಮೇಲಿಟ್ಟುಕೊಂಡು ಗಂಭೀರವಾಗಿ ಕೂತಿರುತ್ತಾರೆ.

ಶಿಬುವಿನ ವಿಶೇಷ ಅಂದರೆ ರ್‍ಯೋಕಾನಿನ ಕೊಳ ಮಾತ್ರವಲ್ಲ, ಬೀದಿಯಲ್ಲೂ ಒಂಬತ್ತು ಸ್ನಾನದ ಮನೆಗಳಿವೆ. ಊರಲ್ಲಿ ಉಳಿದುಕೊಂಡವರಿಗೆ ಕೀಲಿ ಕೊಡುತ್ತಾರೆ. ಯುಕಾತಾ ತೊಟ್ಟು, ಮರದ ಚಪ್ಪಲಿ ಮೆಟ್ಟಿ, ಕಲ್ಲುಹಾಸಿನ ಓಣಿಯಲ್ಲಿ ಟಕಟಕ ಅಂತ ಒಂದರಿಂದ ಇನ್ನೊಂದಕ್ಕೆ ಹೋಗುವುದು. ಒಂದೊಂದಕ್ಕೂ ನಂಬರಿದೆ, ಒಂದೊಂದು ನೀರು ಒಂದೊಂದು ಕಾಯಿಲೆಗೆ ಅಂತ ನಂಬಿಕೆ. ಮೊದಲನೆಯದು ಹೊಟ್ಟೆಗೆ, ಆರನೆಯದು ಕಣ್ಣಿಗೆ, ಒಂಬತ್ತನೆಯದು ಸಕಲ ರೋಗಕ್ಕೂ. ಹಾಗಿದ್ದರೆ ನೇರವಾಗಿ ಒಂಬತ್ತನೆಯದಕ್ಕೇ ಹೋದರಾಯಿತಲ್ಲ ಅಂದೆ. ಹೆಂಡತಿ ಒಪ್ಪಲಿಲ್ಲ. ಹತ್ತಿಬಟ್ಟೆಯ ಟವೆಲ್ ಒಂದನ್ನು ಕೊಂಡು, ಪ್ರತಿ ಮನೆಯ ಬಾಗಿಲಲ್ಲೂ ಅದಕ್ಕೆ ಮುದ್ರೆ ಒತ್ತಿಕೊಳ್ಳುತ್ತಾ, ಕೊನೆಗೆ ಮೆಟ್ಟಿಲು ಹತ್ತಿ ಮೇಲಿನ ಯಾಕುಶಿ ಎಂಬ ರೋಗ ಕಳೆಯುವ ಬುದ್ಧನ ಗುಡಿಯಲ್ಲಿ ಕೈ ಮುಗಿದರೆ ಹರಕೆ ಪೂರ್ತಿ. ವ್ರತ ಅಂದಮೇಲೆ ನಡುವೆ ಹಾರುವ ಹಾಗಿಲ್ಲ ಎಂದಳು. ಒಳಗೆ ನೀರು ಎಷ್ಟು ಬಿಸಿ ಅಂದರೆ ಹೆಬ್ಬೆರಳು ಅದ್ದಿದವನು ಹಾಗೇ ವಾಪಸ್ ತೆಗೆದೆ. ಮೂಲೆಯಲ್ಲಿದ್ದ ಊರಿನ ಅಜ್ಜ ಒಬ್ಬರು ತಣ್ಣೀರಿನ ನಲ್ಲಿ ತೋರಿಸಿದರು. ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಎದ್ದು ಬಂದು ನಿಲ್ಲಿಸಿದರು. ಅತಿಥಿಗೆ ಎಷ್ಟು ರಿಯಾಯಿತಿ ಅಂತ ಅದೂ ಅವರೇ ನಿರ್ಧರಿಸುವುದು.

ಊಟ ಆರು ಗಂಟೆಗೆ. ಆರೂವರೆಗೆ ಬರುತ್ತೇವೆ ಅನ್ನುವ ಮಾತೇ ಇಲ್ಲ, ಅಡುಗೆಯವರು ನಿಮ್ಮ ಒಂದೊಂದು ಬಟ್ಟಲನ್ನೂ ಆ ಹೊತ್ತಿಗೆ ಹೊಂದಿಸಿರುತ್ತಾರೆ. ಸಸ್ಯಾಹಾರಿಗಳು ಇಲ್ಲಿ ಹುಷಾರಾಗಿರಬೇಕು. ಮೀನು ಕಾಣದಿದ್ದರೂ ಮೀನು ಇರುತ್ತದೆ. ಸಾರಿಗೆ, ಬೇಯಿಸಿದ ತರಕಾರಿಗೆ, ಎಲ್ಲಕ್ಕೂ ಒಣಮೀನಿನ ತಿಳಿಯೇ ಆಧಾರ. ಬಂದ ಮೇಲೆ ಹೇಳಿದರೆ ಪಾಪ, ಅವರು ಅನ್ನ ಮತ್ತು ಉಪ್ಪಿನಕಾಯಿ ಬಿಟ್ಟು ಏನು ಕೊಟ್ಟಾರು? ಬುಕ್ ಮಾಡುವಾಗಲೇ ಹೇಳಬೇಕು, ಮಗ ಹೇಳಿದ್ದ. ಕೊಂಬು ಎಂಬ ಕಡಲಪಾಚಿ ಮತ್ತು ಒಣ ಅಣಬೆಯ ತಿಳಿಯಲ್ಲಿ ನಮಗಾಗಿ ಬೇರೆಯೇ ಅಡುಗೆ ಮಾಡಿದ್ದರು. ಕಾಡುಸೊಪ್ಪಿನ ಕರಿದ ತಿಂಡಿ, ತೋಫು, ಸೋಬಾ ಎಂಬ ನೂಡಲ್ಸ್, ನಾಗಾನೋದ ನೊಜಾವಾನಾ ಸೊಪ್ಪಿನ ಉಪ್ಪಿನಕಾಯಿ. ಖಾರ ಇಲ್ಲ. ಎರಡನೇ ಬಟ್ಟಲಿಗೆ ನಾಲಿಗೆ ಗೊಣಗಿತು, ಐದನೆಯದಕ್ಕೆ ಸುಮ್ಮನಾಯಿತು. ರೂಮಿಗೆ ವಾಪಸ್ ಬಂದರೆ ಮೇಜು ಮೂಲೆಗೆ ಸರಿದಿದೆ, ಹಾಸಿಗೆ ಹಾಸಿದೆ. ಅಂದರೆ ಇನ್ನು ಮಲಗಿ ಅಂತ.

ನಮ್ಮ ಪ್ರವಾಸಗಳಲ್ಲಿ ದೇಹಕ್ಕಿಂತ ತಲೆಗೇ ಜಾಸ್ತಿ ಸುಸ್ತು. ಎಲ್ಲಿ ತಿನ್ನೋಣ, ಎಷ್ಟಕ್ಕೆ ಹೊರಡೋಣ, ಇಷ್ಟು ದೂರ ಬಂದು ಅದನ್ನು ನೋಡದೆ ಹೋಗುವುದಾ ಅಂತ ಗಂಡ ಹೆಂಡತಿ ದಿನವಿಡೀ ಚರ್ಚೆ. ಇಲ್ಲಿ ಚರ್ಚೆಗೆ ವಿಷಯವೇ ಇಲ್ಲ. ಮೆನು ಕಾರ್ಡಿಲ್ಲ, ಏನು ಉಡಲಿ ಅನ್ನುವ ಹಾಗಿಲ್ಲ. ಬಾಡಿಗೆಯೂ ರೂಮಿಗಲ್ಲ, ತಲೆಗೆ ಇಷ್ಟು ಅಂತ, ಎರಡು ಹೊತ್ತಿನ ಊಟ ಸೇರಿ. ಮೇಲೆ ಸ್ನಾನದ ತೆರಿಗೆ, ಹೆಚ್ಚಿನ ಊರುಗಳಲ್ಲಿ ತಲೆಗೆ 150 ಯೆನ್. ಟಿಪ್ಸ್ ಕೊಡುವ ರೂಢಿ ಇಲ್ಲ. ಊಟ ಬೇಡ, ರೂಮು ಸಾಕು ಅಂತ ದುಡ್ಡು ಉಳಿಸುವವರಿದ್ದಾರೆ. ಸಣ್ಣ ಊರಲ್ಲಿ ರಾತ್ರಿ ಎಂಟಕ್ಕೆ ಹಸಿದು ಹೊರಟವರಿಗೆ ಸಿಗುವುದು ಮುಚ್ಚಿದ ಬಾಗಿಲುಗಳು. ಅತ್ತೆ ಮನೆಗೆ ಹೋಗಿ ಊಟ ಬೇಡ ಅಂದರೆ ಆಗುವುದೂ ಅದೇ.

ಬೆಳಿಗ್ಗೆ ತಿಂಡಿ ಮುಗಿಸಿ ಹತ್ತಕ್ಕೆ ಸರಿಯಾಗಿ ಖಾಲಿ ಮಾಡಬೇಕು. ಯಜಮಾನತಿ ಬಾಗಿಲಿಗೆ ಬಂದು ಬಾಗಿ ನಮಸ್ಕರಿಸುತ್ತಾರೆ, ತಿರುವು ದಾಟುವವರೆಗೂ ಕೈ ಬೀಸುತ್ತಾರೆ. ನಮ್ಮ ಜೊತೆಗೇ ಹೊರಟವರು ಪಕ್ಕದ ರೂಮಿನ ವಯಸ್ಸಾದ ದಂಪತಿ. ಎರಡು ಹೊತ್ತಿನ ಊಟದಲ್ಲೂ ಸದ್ದೇ ಮಾಡದಂಥ ಸಾಧು ಜೀವಗಳು. ಯುದಾನಾಕಾದಿಂದ ಹೊರಡುವ ಯುಕೆಮುರಿ ಎಂಬ ರೈಲು ಒಂದು ಕಾಲಕ್ಕೆ ಟೋಕಿಯೋ ಕಡೆ ಓಡುತ್ತಿದ್ದದ್ದು. ಅದರಲ್ಲಿ ಡ್ರೈವರ್ ಕೂರುವುದು ಮೇಲೆ, ಅಟ್ಟದ ಮೇಲೆ. ಕೆಳಗೆ ಮುಂದಿನ ಗಾಜಿನ ಹಿಂದೆ ಪ್ರಯಾಣಿಕರ ಸೀಟು, ಇಡೀ ಹಳಿ ನಮ್ಮದೇ ಅನ್ನುವ ಹಾಗೆ. ಬಾಗಿಲು ತೆಗೆಯುವುದೇ ತಡ, ಆ ಸಾಧು ಅಜ್ಜಿ ನನ್ನ ಮೊಣಕೈ ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿ, ಮುಂದಿನ ಎರಡು ಸೀಟಿಗೆ ಟವೆಲ್ ಹಾಕಿಬಿಟ್ಟರು. ಟವೆಲ್ ಮೇಲೆ ಒಂಬತ್ತೂ ಮುದ್ರೆ ಇದ್ದವು.