ಹುಲ್ಲು ಹೊರದ ಪಿಕಪ್ಪಿಗೆ ಗೋತ್ರದ ಚಿಂತೆ

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ ಸಾಕಿಕೊಂಡವರ ಹತ್ತಿರ ಬಾಯಿ ಬಿಡುವ ಮುಂಚೆ ಗೋತ್ರ ತಿಳಿದುಕೊಂಡಿರಬೇಕು. ಫೋರ್ಡ್ ಮನೆಯವರೋ, ಷೆವಿ ಅಂದರೆ ಷೆವರ್ಲೆ ಮನೆಯವರೋ? ಇದು ನೋಡಿ, ಓಡಿಸಿ, ಆರಿಸಿಕೊಂಡದ್ದಲ್ಲ. ಅಜ್ಜ ಫೋರ್ಡ್ ಓಡಿಸಿದ್ದ, ಆದ್ದರಿಂದ ಮೊಮ್ಮಗನೂ ಫೋರ್ಡ್. ನಂಬಿಕೆ ಎಷ್ಟು ಗಟ್ಟಿ ಅಂದರೆ, ಎದುರು ಕಂಪನಿಯ ಲಾಂಛನದ ಮೇಲೆ ಹುಡುಗನೊಬ್ಬ ಉಚ್ಚೆ ಹೊಯ್ಯುವ ಸ್ಟಿಕ್ಕರನ್ನು ದೊಡ್ಡ ಮನುಷ್ಯರೇ ಹಿಂದಿನ ಗಾಜಿಗೆ ಅಂಟಿಸಿಕೊಂಡು ಓಡಾಡುತ್ತಾರೆ.

ಷೆವರ್ಲೆ, ಜಿಎಂಸಿ ಅನ್ನುವ ಎರಡು ಹೆಸರಲ್ಲಿ ಟ್ರಕ್ಕು ಮಾರುವ ಜನರಲ್ ಮೋಟಾರ್ಸ್ ಒಳಗೇ ಇನ್ನೊಂದು ತಮಾಷೆ ಇದೆ. 1947ರಲ್ಲಿ ಬಂದ ಷೆವರ್ಲೆ ಪಿಕಪ್ಪನ್ನೂ ಅದೇ ಕಾಲದ ಜಿಎಂಸಿಯನ್ನೂ ಅಕ್ಕಪಕ್ಕ ನಿಲ್ಲಿಸಿ. ಒಂದೇ ಕ್ಯಾಬಿನ್, ಒಂದೇ ಬಾಗಿಲು. ಮೂತಿಯ ಜಾಲರಿ ಬೇರೆ, ಎಂಜಿನ್ ಬೇರೆ, ಅಷ್ಟೇ. ಒಂದೇ ಅಪ್ಪನ ಮಕ್ಕಳು. ಆದರೂ ಜಿಎಂಸಿಯವರು ‘ನಮ್ಮದು ಒಂದು ತೂಕ ಮೇಲೆ’ ಅಂತ ಮೀಸೆ ತಿರುವುತ್ತಾರೆ. 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಫೋರ್ಡಿನ ಎಫ್ ಸಾಲಿನದು. ಆ ಮಾತು ಎತ್ತಿ ನೋಡಿ, ತಕ್ಷಣ ಅಣ್ಣತಮ್ಮಂದಿರು ಒಂದಾಗುತ್ತಾರೆ. ‘ನಮ್ಮಿಬ್ಬರದೂ ಸೇರಿಸಿ ಎಣಿಸಿ ಸ್ವಾಮಿ!’ ಹಳೇ ಗಾಡಿಗಳ ಪ್ರದರ್ಶನಕ್ಕೆ ಹೋದಾಗ ಮಾತ್ರ ಬೇರೆ ಬೇರೆ ಪಂಕ್ತಿ.

ಇನ್ನು ‘ಅಪ್ಪಟ ಅಮೆರಿಕನ್’ ಅನ್ನುವ ಜಂಬ. ಯುರೋಪಿನವರು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಸಿಟ್ಟಿಗೆದ್ದು ಹೊರಗಿನಿಂದ ಬರುವ ಸಣ್ಣ ಟ್ರಕ್ಕುಗಳ ಮೇಲೆ 25% ಸುಂಕ ಹಾಕಿದರು. 1964ರಿಂದ ಅದು ಜಾರಿಯಲ್ಲಿದೆ. ಜಗಳ ಕೋಳಿಯದು, ದಂಡ ಟ್ರಕ್ಕಿಗೆ! ಸ್ವದೇಶಿ ಕಂಪನಿಗಳು ಇದರ ನೆರಳಲ್ಲಿ ಸುಮ್ನೆ ಕೂತವೇ? ಇಲ್ಲ. 1972ರ ಹೊತ್ತಿಗೆ ಫೋರ್ಡ್ ಮಾರಿದ ಸಣ್ಣ ಪಿಕಪ್ ‘ಕೊರಿಯರ್’ ಜಪಾನಿನ ಮಾಜ್ದಾದ್ದು. ಷೆವರ್ಲೆಯ ‘ಲವ್’ ಜಪಾನಿನದೇ ಇಸುಜು ಕಂಪನಿಯದು. ಹಿಂದಿನ ತೊಟ್ಟಿ ಇಲ್ಲದೆ ಬರೀ ಕ್ಯಾಬಿನ್ ಮತ್ತು ಚಾಸಿಯಾಗಿ ಬಂದರೆ ಆಗ ಸುಂಕ 4% ಮಾತ್ರ ಇತ್ತು. ಹಾಗಾಗಿ ಪಾಪದ ಗಾಡಿಗಳು ಬೆನ್ನಿಲ್ಲದೆ ಹಡಗು ಹತ್ತಿದವು. ಬಂದರಿಗೆ ಇಳಿದ ಮೇಲೆ ತೊಟ್ಟಿ ಕೂರಿಸಿ, ಬ್ಯಾಡ್ಜ್ ಹೊಡೆದರೆ ಮುಗೀತು, ಅಮೆರಿಕನ್! ಅಭಿಮಾನಿಗಳು ಆ ಎರಡು ಗಾಡಿಗಳ ಹೆಸರಲ್ಲೂ ಜಗಳವಾಡಿದ್ದಾರೆ, ಅಲ್ವಾ?

ಡಾಡ್ಜ್‌ನವರನ್ನು ಮರೆತರೆ ಕೋಪ ಬರುತ್ತದೆ. ಯುದ್ಧದ ಟ್ರಕ್ಕಿನ ಚಾಸಿ ಮೇಲೆ ಎದ್ದ 1946ರ ಪವರ್ ವ್ಯಾಗನ್ ಅವರ ಕುಲದೇವತೆ. ಡಾಡ್ಜಿನ ಆಗಿನ ಒಡೆಯ ಕ್ರೈಸ್ಲರ್ ಮನೆಯ ಟ್ರಕ್ಕುಗಳು ಫಾರ್ಗೊ ಅನ್ನುವ ಹೆಸರಲ್ಲಿ ಬೊಂಬಾಯಿಯ ಪ್ರೀಮಿಯರ್ ಕಾರ್ಖಾನೆಯಿಂದಲೂ ಹೊರಬಂದವು. ನಮ್ಮ ಕಡೆಯ ಹಳೇ ಡ್ರೈವರುಗಳು ಇವತ್ತಿಗೂ ನೆನೆಸಿಕೊಳ್ಳುವ ಫಾರ್ಗೊ ಲಾರಿ ಅದೇ. ಅವರಿಗೆ ಕುಲಗೋತ್ರ ಬೇಕಿರಲಿಲ್ಲ, ಘಾಟಿ ಹತ್ತಿದರೆ ಸಾಕಿತ್ತು.

ಈ ಯುದ್ಧದಲ್ಲಿ ಮುಖ್ಯ ಸಂಗತಿ ಒಂದಿದೆ. ಯಾರ ಟ್ರಕ್ಕೂ ಈಗ ಏನನ್ನೂ ಹೊರುವುದಿಲ್ಲ. 1925ರಲ್ಲಿ ಫೋರ್ಡ್ ಮಾಡೆಲ್ ಟಿ ಪಿಕಪ್ಪನ್ನು 281 ಡಾಲರಿಗೆ ಮಾರಿದಾಗ ಅದು ರೈತನ ಗಾಡಿ. ಈಗ ಅಂಥ ಗಾಡಿಗಳ ತೊಟ್ಟಿಗೆ ಓಕ್ ಹಲಗೆ ಜೋಡಿಸಿ, ವಾರ್ನಿಷ್ ಬಳಿದು, ಕನ್ನಡಿಯಂತೆ ಹೊಳೆಸುತ್ತಾರೆ. ಅದರ ಮೇಲೆ ಒಂದು ಹುಲ್ಲಿನ ಹೊರೆ ಇಟ್ಟು ನೋಡಿ, ಮಾಲೀಕರಿಗೆ ಎದೆನೋವು. ಪ್ರದರ್ಶನಕ್ಕೂ ಎಷ್ಟೋ ಗಾಡಿಗಳು ಓಡಿ ಬರುವುದಿಲ್ಲ, ಟ್ರೇಲರ್ ಮೇಲೆ ಮಲಗಿ ಬರುತ್ತವೆ. ಎಳೆಯುವುದು ಹೊಸ ಪಿಕಪ್. ಕೆಲವರಿಗೆ ಹೊಳಪು ಬೇಡ, ತುಕ್ಕು ಬೇಕು. ತುಕ್ಕು ಉದುರದಂತೆ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆಸುತ್ತಾರೆ. ಸಾಕಷ್ಟು ತುಕ್ಕು ಹಿಡಿದಿಲ್ಲವಾ? ಪೇಂಟರಿಗೆ ದುಡ್ಡು ಕೊಟ್ಟು ತುಕ್ಕಿನ ಬಣ್ಣ ಬಳಿಸುತ್ತಾರೆ. ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ಕೋಟ್ಯಧಿಪತಿಯಾದ ಮೇಲೂ 1979ರ ಎಫ್-150ರಲ್ಲಿ ಬೇಟೆನಾಯಿಗಳನ್ನು ಹೇರಿಕೊಂಡು ತಿರುಗುತ್ತಿದ್ದರು. ಈಗ ಆ ಗಾಡಿಯೂ ಮ್ಯೂಸಿಯಂ ಸೇರಿದೆ.

ಇಷ್ಟೆಲ್ಲ ಆದ ಮೇಲೆ, 1950ರ ದಶಕದ ಚೆಂದದ ಫೋರ್ಡ್ ಎಫ್-100 ಒಂದರ ಬಾನೆಟ್ ಎತ್ತಿಸಿ. ಒಳಗೆ ಎಷ್ಟೋ ಸಲ ಕೂತಿರುವುದು ಷೆವಿಯ 350 ಎಂಜಿನ್. ಬಿಡಿಭಾಗ ಅಗ್ಗ, ಎಲ್ಲೆಂದರಲ್ಲಿ ಸಿಗುತ್ತದೆ, ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಮಾಲೀಕರ ಟೋಪಿ ಮೇಲೆ ಮಾತ್ರ ಫೋರ್ಡ್ ಲಾಂಛನದ ನೀಲಿ ಮೊಟ್ಟೆ. ಪಕ್ಕದ ಷೆವಿಯವರು ಬಗ್ಗಿ ನೋಡಲು ಬಂದರೆ, ‘ಕೀಲು ಬಿಗಿಯಾಗಿದೆ, ಮುಂದಿನ ವರ್ಷ ತೋರಿಸ್ತೀನಿ’ ಅಂತ ಬಾನೆಟ್ ಮೇಲೇ ಕೂತುಬಿಡುತ್ತಾರೆ.